ಹಿಂಡಿಯಲ್ಲಿ ಅಡಗಿದ ವಿಷ: ಹೈನುಗಾರರು ತಿಳಿಯಬೇಕಾದ ಪಾಠ

ಎಣ್ಣೆಬೀಜದಿಂದ ಎಣ್ಣೆ ತೆಗೆಯಲು ಎರಡು ವಿಧಾನಗಳಿವೆ. ಗಾಣದಲ್ಲಿ ಒತ್ತಿ ತೆಗೆಯುವುದು ಒಂದು. ಎಣ್ಣೆಯನ್ನು ಕರಗಿಸುವ ದ್ರಾವಕದಿಂದ ತೆಗೆಯುವುದು ಇನ್ನೊಂದು. ಇಂದು ದ್ರಾವಕವಾಗಿ ಸಾಮಾನ್ಯವಾಗಿ ಹೆಕ್ಸೇನ್ ಬಳಸುತ್ತಾರೆ. ಹಿಂದೆ ಕೆಲವು ದೇಶಗಳಲ್ಲಿ ಟ್ರೈಕ್ಲೋರೋಎಥಿಲೀನ್ ಬಳಸಿದಾಗ ರಾಸುಗಳು ಸತ್ತವು.

ಈ ದ್ರಾವಕಕ್ಕೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಆದ್ದರಿಂದಲೇ ಕಾರ್ಖಾನೆಗಳು ಇದನ್ನು ಮೆಚ್ಚಿದವು. ಆದರೆ ಹೀಗೆ ತಯಾರಾದ ಸೋಯಾ ಹಿಂಡಿ ತಿಂದ ರಾಸುಗಳಲ್ಲಿ ರೋಗ ಕಂಡುಬಂದುದು 1916ರಲ್ಲಿ ಸ್ಕಾಟ್ಲೆಂಡ್‌ನಿಂದ ವರದಿಯಾಯಿತು. 1920ರ ದಶಕದಲ್ಲಿ ಜರ್ಮನಿಯಲ್ಲಿ ಇದಕ್ಕೆ ಡ್ಯೂರನ್ ಊರಿನ ಹೆಸರೇ ಬಂದಿತು. 1950ರ ಸುಮಾರಿಗೆ ಅಮೆರಿಕದಲ್ಲಿಯೂ ಇದೇ ಅನಾಹುತ ಮರುಕಳಿಸಿತು.

ರೋಗದ ಲಕ್ಷಣಗಳು: ಜ್ವರ, ಮೂಗಿನಿಂದ ರಕ್ತ, ಸಗಣಿಯಲ್ಲಿ ರಕ್ತ, ಮೇವು ಬಿಡುವುದು. ಮೂಳೆಯೊಳಗಿನ ಮಜ್ಜೆ ಕೆಟ್ಟು ಹೊಸ ರಕ್ತಕಣಗಳು ಹುಟ್ಟುವುದು ನಿಲ್ಲುತ್ತಿತ್ತು. ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ.

ಹಿಂಡಿಯನ್ನು ಕಾಯಿಸಿ ದ್ರಾವಕವನ್ನು ಹಾರಿಸಿದರೂ ವಿಷ ಉಳಿಯುತ್ತಿತ್ತು. ಕಾರಣ, ದ್ರಾವಕವು ಹಿಂಡಿಯ ಸಸಾರಜನಕದೊಂದಿಗೆ ಸೇರಿ ಬೇರೊಂದು ವಿಷವಸ್ತುವಾಗಿ ಮಾರ್ಪಟ್ಟಿರುತ್ತಿತ್ತು. ವಾಸನೆ ಇಲ್ಲವೆಂದ ಮಾತ್ರಕ್ಕೆ ಆಹಾರ ಸುರಕ್ಷಿತವೆನ್ನಲಾಗದು.

ಮನುಷ್ಯರಿಗೂ ಇದು ಅಪಾಯಕಾರಿ. ಆವಿ ಸೇವಿಸಿದರೆ ತಲೆಸುತ್ತು, ತಲೆನೋವು, ಮಂಪರು ಬರುತ್ತವೆ. ಮೂತ್ರಪಿಂಡದ ಕ್ಯಾನ್ಸರ್ ಉಂಟುಮಾಡುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ತೀರ್ಮಾನಿಸಿತು. ಲೋಹದ ಭಾಗಗಳ ಗ್ರೀಸ್ ತೊಳೆಯಲು ಇದನ್ನು ಬಳಸುವುದುಂಟು. ನೆಲಕ್ಕೆ ಚೆಲ್ಲಿದರೆ ಇಳಿದು ಅಂತರ್ಜಲ ಸೇರುತ್ತದೆ.

ಹಾಲು ಉತ್ಪಾದಕರು ಗಮನಿಸಬೇಕಾದ ಅಂಶಗಳು:

1. ತಯಾರಕರ ಹೆಸರು, ದಿನಾಂಕ ಇಲ್ಲದ ಅಗ್ಗದ ಹಿಂಡಿ ಕೊಳ್ಳಬೇಡಿ. ಸಂಘದ ಮೂಲಕ ಬರುವ ಸಮತೋಲನ ಪಶು ಆಹಾರ ಬಳಸಿ. ಚೀಲದ ಚೀಟಿ ಇಟ್ಟುಕೊಳ್ಳಿ.

2. ರಾಸಾಯನಿಕ ತುಂಬಿದ್ದ ಡ್ರಮ್, ಕ್ಯಾನುಗಳಲ್ಲಿ ನೀರು, ಹಿಂಡಿ, ಹಾಲು ಇಡಬೇಡಿ. ತೊಳೆದರೂ ಬೇಡ.

3. ದ್ರಾವಕ, ಬಣ್ಣ ತೆಳುಗೊಳಿಸುವ ದ್ರವಗಳನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಬಾವಿ, ಕೊಳವೆಬಾವಿ ಬಳಿ ಚೆಲ್ಲಬೇಡಿ.

4. ಮೂಗು ಅಥವಾ ಸಗಣಿಯಲ್ಲಿ ರಕ್ತ ಕಂಡರೆ ಆ ಹಿಂಡಿ ನಿಲ್ಲಿಸಿ, ಮಾದರಿ ತೆಗೆದಿಟ್ಟು ಪಶುವೈದ್ಯರನ್ನು ಕರೆಯಿರಿ. ಬೇರೆ ರೋಗಗಳಲ್ಲಿಯೂ ರಕ್ತ ಬರುವುದುಂಟು. ರಾಸು ಹಠಾತ್ತನೆ ಸತ್ತು ರಕ್ತ ಸೋರುತ್ತಿದ್ದರೆ ನೆರಡಿ ರೋಗವೂ (ಅಂಥ್ರಾಕ್ಸ್) ಆಗಿರಬಹುದು. ಕಳೇಬರವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ.

ಹಿಂಡಿ ಆರಿಸುವಾಗ ಬೆಲೆಗಿಂತ ಮೊದಲು ಅದು ಎಲ್ಲಿ ತಯಾರಾಯಿತೆಂದು ಕೇಳಿರಿ. ನಿಮ್ಮ ರಾಸುಗಳ ಜೀವ ಅದರಲ್ಲಿದೆ.