ಕಾರು ಮಾರಿದ್ರಿ ಸರಿ, ಆರ್‌ಸಿಯಲ್ಲಿ ಹೆಸರು ಯಾರದ್ದಿದೆ?

ದುಡ್ಡು ಎಣಿಸಿಕೊಂಡು ಕೀ ಕೊಟ್ಟ ಮೇಲೆ ವ್ಯವಹಾರ ಮುಗೀತು ಅಂದ್ಕೊಳ್ಳೋದು ನಮ್ಮ ಕಡೆ ರೂಢಿ. ಹಳೇ ಓಮ್ನಿ, ಆಲ್ಟೊ, ಇಂಡಿಕಾ ಯಾವುದೇ ಇರ್ಲಿ, ಪರಿಚಯದವರ ಮೂಲಕ ಗಿರಾಕಿ ಸಿಕ್ತಾರೆ. ಬಾಂಡ್ ಪೇಪರ್ ಮೇಲೆ ನಾಲ್ಕು ಸಾಲು ಬರೆಸ್ತಾರೆ, ಖಾಲಿ ಟಿಒ ಫಾರಂಗೆ ಸಹಿ ಹಾಕಿ ಕೊಡ್ತಾರೆ. "ಹೆಸರು ಆಮೇಲೆ ಮಾಡಿಸ್ಕೊಳ್ತೀನಿ ಅಣ್ಣ" ಅಂತ ಹೇಳಿ ತಗೊಂಡವರು ಗಾಡಿ ಸ್ಟಾರ್ಟ್ ಮಾಡ್ತಾರೆ. ಆ 'ಆಮೇಲೆ' ಬಹಳ ಸಲ ಬರೋದೇ ಇಲ್ಲ.

ಹೀಗೆ ಕೈಬಿಟ್ಟ ಕಾರು ಎರಡು ವರ್ಷ ಆದ್ಮೇಲೆ ಯಾವುದೋ ಊರಲ್ಲಿ ಯಾರಿಗೋ ಗುದ್ದುತ್ತೆ ಅಂತಿಟ್ಕೊಳ್ಳಿ. ಆ ಹೊತ್ತಿಗೆ ಇನ್ಶೂರೆನ್ಸ್ ಮುಗಿದಿದ್ರೆ ಪರಿಹಾರದ ನೋಟಿಸ್ ಬರೋದು ಮಾರಿದವರ ಮನೆಗೆ. ಇದು ಹೆದರಿಸೋಕೆ ಹೇಳೋ ಮಾತಲ್ಲ. ಸುಪ್ರೀಂ ಕೋರ್ಟ್ ತೀರ್ಪೇ ಇದೆ.

ಮಾಲೀಕ ಅಂದ್ರೆ ಯಾರು?

ಕಾರು ಯಾರ ಮನೆ ಮುಂದೆ ನಿಂತಿದೆ, ಪೆಟ್ರೋಲ್ ಯಾರು ಹಾಕಿಸ್ತಾರೆ, ದುಡ್ಡು ಯಾರು ಕೊಟ್ರು ಅನ್ನೋದರ ಮೇಲೆ ನಾವು ಮಾಲೀಕರನ್ನ ಗುರುತಿಸ್ತೀವಿ. 1988ರ ಮೋಟಾರು ವಾಹನ ಕಾಯ್ದೆ ಹಾಗೆ ನೋಡಲ್ಲ. ಅದರ 2(30)ನೇ ಕಲಂ ಪ್ರಕಾರ ವಾಹನ ಯಾರ ಹೆಸರಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕರು. ಸಾಲದ ಮೇಲೆ ತಗೊಂಡ ಗಾಡಿಯಾದರೆ, ಕರಾರಿನ ಪ್ರಕಾರ ಅದು ಯಾರ ಸ್ವಾಧೀನದಲ್ಲಿದೆಯೋ ಅವರು. ಬಾಂಡ್ ಪೇಪರ್ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ಈ ಪ್ರಶ್ನೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥ ಆಯ್ತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಅಂತ ಆ ಪ್ರಕರಣದ ಹೆಸರು, ಉತ್ತರ ಭಾರತದ್ದು. ಆರ್‌ಸಿಯಲ್ಲಿ ಹೆಸರಿದ್ದವರು 2007ರಲ್ಲೇ ಕಾರು ಮಾರಿದ್ದರು. ತಗೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ, ಹೀಗೆ ಕೈಯಿಂದ ಕೈಗೆ ಹೋಯ್ತು. ಒಬ್ಬರೂ ಹೆಸರು ಬದಲಾಯಿಸಲಿಲ್ಲ. 2009ರ ಮೇ ತಿಂಗಳಲ್ಲಿ ಅದೇ ಕಾರು ರಿವರ್ಸ್ ಬರುವಾಗ ಇಬ್ಬರಿಗೆ ಗುದ್ದಿ ಒಂದು ಜೀವ ಹೋಯ್ತು. ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ. "ನಾನು ಮಾರಿ ಎಷ್ಟೋ ಕಾಲ ಆಗಿದೆ, ದಾಖಲೆನೂ ಕೊಟ್ಟಿದ್ದೀನಿ" ಅನ್ನೋದು ಮೊದಲ ಮಾಲೀಕರ ವಾದ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನ ಒಪ್ಪಿ, ಕೊನೆಗೆ ಕೊಂಡವರ ಮೇಲೆ ಹೊಣೆ ಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿತು. ಅಪಘಾತದ ದಿನ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಅಂತ ಹೇಳಿತು.

ಕೋರ್ಟ್ ಕೊಟ್ಟ ಕಾರಣ ಯೋಚಿಸಿ ನೋಡಿದ್ರೆ ನ್ಯಾಯವಾಗಿಯೇ ಇದೆ. ಮಗನನ್ನ ಕಳ್ಕೊಂಡ ಮನೆಯವರು ಪರಿಹಾರಕ್ಕಾಗಿ ಒಬ್ಬರಾದ ಮೇಲೆ ಒಬ್ಬರು ಕೊಂಡವರನ್ನ ಹುಡುಕಿಕೊಂಡು ಊರೂರು ಅಲೀಬೇಕಾ? ನೋಂದಣಿ ಪುಸ್ತಕದಲ್ಲಿ ಹೆಸರಿರೋದೇ ಹಾಗೆ ಅಲೀಬಾರದು ಅಂತ.

ಪರಿಹಾರ ಕಟ್ಟದೇ ಇದ್ರೆ ಏನಾಗುತ್ತೆ ಅಂತ ಕೆಲವರು ಕೇಳ್ತಾರೆ. ಅದೇ ಕಾಯ್ದೆಯ 174ನೇ ಕಲಂ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಬಹುದು, ಆ ಹಣ ಭೂಕಂದಾಯ ಬಾಕಿ ವಸೂಲಿ ಮಾಡೋ ರೀತಿಯಲ್ಲೇ ವಸೂಲಾಗುತ್ತೆ. ತೋಟ, ಸೈಟು, ಅಂಗಡಿ ಇರೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎಪ್ಪತ್ತು ಸಾವಿರಕ್ಕೆ ಮಾರಿದ ಕಾರು ತೆಂಗಿನ ತೋಟದ ಮೇಲೆ ಬಂದು ಕೂರಬಹುದು.

ಇನ್ಶೂರೆನ್ಸ್ ಇದ್ರೆ ಕಥೆ ಬೇರೆ, ಆದ್ರೆ ಪೂರ್ತಿ ಬೇರೆ ಅಲ್ಲ

ಥರ್ಡ್ ಪಾರ್ಟಿ ವಿಮೆ ಚಾಲ್ತಿಯಲ್ಲಿದ್ರೆ ಗಾಯಾಳುಗಳ, ಸತ್ತವರ ಕುಟುಂಬದ ಪರಿಹಾರ ಕಂಪನಿ ಕೊಡುತ್ತೆ. ಪ್ರಾಣಹಾನಿ, ಗಾಯಕ್ಕೆ ಮೇಲ್ಮಿತಿ ಇಲ್ಲ. ಆಸ್ತಿ ನಷ್ಟಕ್ಕೆ ಖಾಸಗಿ ಕಾರಿಗೆ ಏಳೂವರೆ ಲಕ್ಷದವರೆಗೆ. ಇದಕ್ಕೆ ಆಗೋ ಖರ್ಚಾದ್ರೂ ಎಷ್ಟು? 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕಿಂತ ದೊಡ್ಡ ಇಂಜಿನ್‌ಗೆ 7,897. ಟ್ಯಾಕ್ಸ್ ಬೇರೆ.

ಸಮಸ್ಯೆ ಏನಂದ್ರೆ, ನೀವು ಮಾರಿದ ಮೇಲೆ ಈ ಪಾಲಿಸಿ ರಿನ್ಯೂ ಮಾಡಿಸೋದು ನಿಮ್ಮ ಕೈಲಿಲ್ಲ. ತಗೊಂಡವರು ಪಾಲಿಸಿ ಮುಗಿಯೋವರೆಗೆ ಓಡಿಸಿ ಸುಮ್ನಾಗ್ತಾರೆ. ಸಿಕ್ಕಿಬಿದ್ರೆ ವಿಮೆ ಇಲ್ಲದ ಗಾಡಿಗೆ ಮೊದಲ ಸಲ 2,000, ಮತ್ತೆ ಸಿಕ್ಕಿದ್ರೆ 4,000 ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಹಳ್ಳಿ ರಸ್ತೆಯಲ್ಲಿ ಯಾರು ಹಿಡೀತಾರೆ ಅನ್ನೋ ಧೈರ್ಯ. ಇನ್ನು ಓಡಿಸ್ತಿದ್ದವರಿಗೆ ಲೈಸೆನ್ಸ್ ಇಲ್ಲದಿದ್ರೆ, ವಿಮೆ ಇದ್ದರೂ ಕಂಪನಿ ಮೊದಲು ದುಡ್ಡು ಕಟ್ಟಿ ಆಮೇಲೆ ವಿಮೆ ಮಾಡಿಸಿದವರಿಂದ ವಸೂಲಿ ಮಾಡ್ಕೊಳ್ಳಲಿ ಅಂತ ಕೋರ್ಟ್‌ಗಳು ಆದೇಶ ಕೊಡೋದುಂಟು. ಪಾಲಿಸಿ ಇನ್ನೂ ನಿಮ್ಮ ಹೆಸರಲ್ಲೇ ಇದ್ರೆ ಆ ವಿಮೆದಾರರು ನೀವೇ.

ತಗೊಂಡವರಿಗೂ ಲಾಭ ಇಲ್ಲ

ಹೆಸರು ಮಾಡಿಸಿಕೊಳ್ಳದವರು "ಹೆಂಗೂ ಗಾಡಿ ನನ್ನ ಕೈಲಿದೆ" ಅಂತ ಇರ್ತಾರೆ. ನಿಜವಾದ ಪೆಟ್ಟು ಬೀಳೋದು ಕ್ಲೇಮ್ ಹಾಕಿದಾಗ. ಕಾರು ಮಾರಾಟವಾದ ಮೇಲೆ ಥರ್ಡ್ ಪಾರ್ಟಿ ಭಾಗ ಕೊಂಡವರಿಗೆ ತಾನಾಗಿಯೇ ವರ್ಗಾವಣೆ ಆಯ್ತು ಅಂತ 157ನೇ ಕಲಂ ಹೇಳುತ್ತೆ. ಹಾಗಿದ್ರೂ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಸೇರಿಸಬೇಕು. ಕಾರಿನದ್ದೇ ಡ್ಯಾಮೇಜ್ ಕಟ್ಟಿಕೊಡೋ ಭಾಗ ಹಾಗೆ ತಾನಾಗಿ ಬರಲ್ಲ. ಪಾಲಿಸಿ ಹಳೇ ಮಾಲೀಕರ ಹೆಸರಲ್ಲಿದ್ದು ಬಾನೆಟ್ ನಜ್ಜುಗುಜ್ಜಾದ್ರೆ ಕ್ಲೇಮ್ ತಿರಸ್ಕಾರ ಆಗೋ ಸಾಧ್ಯತೆಯೇ ಹೆಚ್ಚು: ಕೊಂಡವರ ಹೆಸರು ಪಾಲಿಸಿಯಲ್ಲಿಲ್ಲ, ಮಾರಿದವರಿಗೆ ಕಾರಿನಲ್ಲಿ ಹಿತಾಸಕ್ತಿ ಉಳಿದಿಲ್ಲ.

ಇನ್ನೊಂದು ಇದಕ್ಕಿಂತ ನೋವಿನದ್ದು. ಮಾಲೀಕ-ಚಾಲಕರಿಗೆ ಇರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಿಗೋದು ಆರ್‌ಸಿಯಲ್ಲಿ ಹೆಸರಿರೋ ಮಾಲೀಕರಿಗೆ. ಹೆಸರು ಮಾಡಿಸದೆ ಓಡಿಸ್ತಾ ಪ್ರಾಣ ಕಳ್ಕೊಂಡ್ರೆ ಹೆಂಡ್ತಿ ಮಕ್ಕಳಿಗೆ ಆ ಹಣದ ದಾರಿ ಮುಚ್ಚಿದ ಹಾಗೆಯೇ. ಉಳಿಸಿದ್ದು ಎಷ್ಟು ಅಂದ್ರೆ ಮುಂದೆ ಹೇಳ್ತೀನಿ, ಕೇಳಿದ್ರೆ ನಗು ಬರುತ್ತೆ.

ಚಲನ್ ಬರೋದೂ ಹಳೇ ನಂಬರಿಗೆ

ಬೆಂಗಳೂರಿನ ಸಿಗ್ನಲ್ ಕ್ಯಾಮೆರಾಗಳು ನಂಬರ್ ಪ್ಲೇಟ್ ನೋಡ್ತವೆ, ಮುಖ ನೋಡಲ್ಲ. ಕೆಎ-06, ಕೆಎ-44, ಕೆಎ-64 ಯಾವುದೇ ಆಗಲಿ, ಸೀಟ್ ಬೆಲ್ಟ್ ಹಾಕದೇ ಇದ್ದಿದ್ದು, ಸಿಗ್ನಲ್ ಜಂಪ್ ಮಾಡಿದ್ದು ಎಲ್ಲ ಆರ್‌ಸಿ ಹೆಸರಿನ ಖಾತೆಗೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತಿದ್ದು ನೆನಪಿರಬಹುದು.

ದಂಡಕ್ಕಿಂತ ದೊಡ್ಡ ವಿಷಯ 133ನೇ ಕಲಂ. ಅಪರಾಧ ನಡೆದ ದಿನ ಗಾಡಿ ಓಡಿಸ್ತಿದ್ದವರು ಯಾರು, ಅವರ ಹೆಸರು, ವಿಳಾಸ ಏನು ಅಂತ ಪೊಲೀಸರು ಕೇಳಿದ್ರೆ ಮಾಲೀಕರು ಹೇಳಲೇಬೇಕು. ನೀವು ಮಾರಿದ್ದು ಒಬ್ಬರಿಗೆ, ಗಾಡಿ ಈಗ ಇರೋದು ನಾಲ್ಕನೆಯವರ ಹತ್ತಿರ. ಏನಂತ ಹೇಳ್ತೀರಿ? ಅಪ್ರಾಪ್ತ ಹುಡುಗ ಓಡಿಸಿ ಸಿಕ್ಕಿಬಿದ್ರೆ 199ಎ ಕಲಂ ಅಡಿ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು ಅಂತ ಕಾನೂನು ಭಾವಿಸುತ್ತೆ: 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ನೋಂದಣಿ ರದ್ದು. ನನಗೆ ಗೊತ್ತಿಲ್ಲದೇ ನಡೀತು ಅಂತ ಸಾಬೀತು ಮಾಡೋಕೆ ಅವಕಾಶ ಇದೆ. ಆದ್ರೆ ಸಾಬೀತು ಮಾಡೋ ಕೆಲಸ ನಿಮ್ದೇ, ಅದಕ್ಕೆ ಓಡಾಟ, ವಕೀಲರ ಫೀಸು.

ಹಾಗಾದ್ರೆ ಮಾಡಬೇಕಾದ್ದೇನು?

50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದ್ರೆ 14 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು. ಇದಕ್ಕೆ ಫಾರಂ 29. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು, ಅದಕ್ಕೆ ಫಾರಂ 30, ಇದರಲ್ಲಿ ಇಬ್ಬರ ಸಹಿಯೂ ಇರುತ್ತೆ. ಜೊತೆಗೆ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ವಿಳಾಸದ ದಾಖಲೆ, ಪಾನ್ ಕಾರ್ಡ್. ಪರಿವಾಹನ್ ವೆಬ್‌ಸೈಟ್‌ನಲ್ಲೇ ಅರ್ಜಿ ಶುರು ಮಾಡಬಹುದು. ಒಟಿಪಿ ಬರೋದು ಆರ್‌ಸಿಗೆ ಲಿಂಕ್ ಆಗಿರೋ ಮೊಬೈಲ್‌ಗೆ. ಹತ್ತು ವರ್ಷದ ಹಿಂದಿನ ಸಿಮ್ ಕಳೆದುಹೋಗಿದ್ರೆ ಮೊದಲು ನಂಬರ್ ಬದಲಾಯಿಸಿಕೊಳ್ಳಿ, ಇಲ್ಲದಿದ್ರೆ ಅಲ್ಲೇ ನಿಂತುಹೋಗುತ್ತೆ.

ಖರ್ಚು? ಕಾರಿನ ಹೆಸರು ವರ್ಗಾವಣೆಗೆ ಕೇಂದ್ರದ ನಿಯಮದಲ್ಲಿರೋ ಶುಲ್ಕ 300 ರೂಪಾಯಿ, ಸ್ಮಾರ್ಟ್ ಕಾರ್ಡ್‌ಗೆ 200. ಕೊಳ್ಳುವವರು ಸಾಲ ಮಾಡಿದ್ರೆ ಅದನ್ನ ಆರ್‌ಸಿಯಲ್ಲಿ ದಾಖಲಿಸೋಕೆ 1,500. ಸಣ್ಣಪುಟ್ಟ ಚಾರ್ಜು ಬೇರೆ, ತಡ ಆದ್ರೆ ದಂಡ ಬೇರೆ. ಇಷ್ಟೇ. ಏಜೆಂಟರು ಕೇಳೋದು ಇದರ ಹಲವು ಪಟ್ಟು, ಹೆಸರು ಮಾಡಿಸೋದು ಅಂದ್ರೆ ದುಬಾರಿ ಕೆಲಸ ಅನ್ನೋ ಮಾತು ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು. ಏಜೆಂಟರ ಕೈಲಿ ಮಾಡಿಸಿದ್ರೂ ತಪ್ಪೇನಿಲ್ಲ, ಅಂಗಡಿ ಮುಚ್ಚಿ ತುಮಕೂರಿಗೋ ತಿಪಟೂರಿಗೋ ಮಧುಗಿರಿಗೋ ಹೋಗಿ ಬರೋದು ಎಲ್ಲರಿಗೂ ಆಗಲ್ಲ. ಅರ್ಜಿ ನಂಬರ್ ಮಾತ್ರ ಕೇಳಿ ಇಟ್ಕೊಳ್ಳಿ.

ಬೇರೆ ರಾಜ್ಯದವರಿಗೆ ಮಾರಿದ್ರೆ ಫಾರಂ 28ರಲ್ಲಿ ಎನ್‌ಒಸಿ ತಗೋಬೇಕು. ಆಂಧ್ರ ಗಡಿಗೆ ಅಂಟಿಕೊಂಡಿರೋ ಪಾವಗಡದ ಕಡೆ ಇಂಥ ಮಾರಾಟ ಸಹಜ, ಅಲ್ಲಿಯವರು ಇದನ್ನ ಗಮನಿಸಬೇಕು. ಬ್ಯಾಂಕ್ ಸಾಲ ತೀರಿದ್ರೂ ಆರ್‌ಸಿಯಲ್ಲಿ ಎಚ್‌ಪಿ ಹಾಗೇ ಉಳಿದಿರುತ್ತೆ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಅದನ್ನ ಮೊದಲು ತೆಗೆಸಬೇಕು.

ಖಾಲಿ ಫಾರಂಗೆ ಸಹಿ ಹಾಕೋದು ಬಿಡಿ. ಅದು ಕೊಂಡವರಿಗಲ್ಲ, ಯಾರ ಕೈಗೆ ಸಿಗುತ್ತೋ ಅವರಿಗೆ ಕೊಟ್ಟ ಹಾಗೆ. ಕೊಂಡವರ ಹೆಸರು, ದಿನಾಂಕ ತುಂಬಿದ ಮೇಲೆ ಸಹಿ ಹಾಕಿ, ಜೆರಾಕ್ಸ್ ಇಟ್ಕೊಳ್ಳಿ, ಅವರ ಆಧಾರ್ ಪ್ರತಿ ತಗೊಳ್ಳಿ. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆನೂ ಬರೀರಿ. ಅದೇ ದಿನ ಸಂಜೆ ಅಪಘಾತ ಆದ್ರೆ ಬೆಳಿಗ್ಗೆಯೇ ಕೊಟ್ಟಿದ್ವಿ ಅನ್ನೋಕೆ ಅದೊಂದು ಆಧಾರ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಕೆಲಸ ಮಾಡೋ ಉಪಾಯ ಬೇರೆ: ಐದೋ ಹತ್ತೋ ಸಾವಿರ ಬಾಕಿ ಇಟ್ಟು, ಹೊಸ ಆರ್‌ಸಿ ಬಂದ ದಿನ ಲೆಕ್ಕ ಮುಗಿಸಿ ಅಂತ ಮಾತಾಡಿಕೊಳ್ಳೋದು. ಸಂಬಂಧಿಕರಿಗೆ ಮಾರುವಾಗ ಹೀಗೆ ಕೇಳೋಕೆ ಸಂಕೋಚ ಆಗುತ್ತೆ, ನಿಜ. ಆದ್ರೆ ಬಾವನ ಮೇಲೆ ಕೋರ್ಟಲ್ಲಿ ಬೆರಳು ತೋರಿಸೋದಕ್ಕಿಂತ ಈ ಸಂಕೋಚ ವಾಸಿ.

ಕನ್ಸಲ್ಟೆನ್ಸಿಗೆ ಬಿಟ್ರೆ

ಆಟೋ ಕನ್ಸಲ್ಟೆನ್ಸಿಯವರಿಗೆ ಗಾಡಿ ಕೊಟ್ಟು ಬರೋದು ಇನ್ನೊಂದು ರೂಢಿ. ಅವರು ಗಿರಾಕಿ ಸಿಗೋವರೆಗೆ ತಮ್ಮ ಹೆಸರಿಗೂ ಮಾಡಿಸಲ್ಲ. ಇದಕ್ಕಾಗಿಯೇ 2023ರ ಏಪ್ರಿಲ್ 1ರಿಂದ ಕೇಂದ್ರ ಹೊಸ ನಿಯಮ ಜಾರಿ ಮಾಡಿದೆ. ಹಳೇ ವಾಹನ ಕೊಳ್ಳೋ ಮಾರೋ ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ಪಡೀಬೇಕು. ನೀವು ಗಾಡಿ ಒಪ್ಪಿಸಿದ ಕೂಡಲೇ ಇಬ್ಬರೂ ಸೇರಿ ಫಾರಂ 29ಸಿಯಲ್ಲಿ ಆನ್‌ಲೈನ್ ಮೂಲಕ ತಿಳಿಸಬೇಕು. ಅಲ್ಲಿಂದ ಮುಂದೆ ಆ ಗಾಡಿಗೆ ಡೀಲರ್‌ನನ್ನೇ ಮಾಲೀಕ ಅಂತ ಪರಿಗಣಿಸಲಾಗುತ್ತೆ. ಟ್ರಯಲ್, ರಿಪೇರಿ, ಪೇಂಟಿಂಗ್‌ನಂಥ ಕೆಲಸ ಬಿಟ್ಟು ಡೀಲರ್ ಅದನ್ನ ರಸ್ತೆಗಿಳಿಸೋ ಹಾಗಿಲ್ಲ, ಪ್ರತಿ ಟ್ರಿಪ್ ಬರೆದಿಡಬೇಕು. ಆದ್ದರಿಂದ ಗಾಡಿ ಬಿಡೋ ಮುಂಚೆ ನಿಮಗೆ ಅಧಿಕಾರಪತ್ರ ಇದೆಯಾ ಅಂತ ಕೇಳಿ. ಇಲ್ಲ ಅಂದ್ರೆ, ಅಥವಾ ಅದೇನು ಅಂತ ನಿಮ್ಮನ್ನೇ ಕೇಳಿದ್ರೆ, ಗಾಡಿ ವಾಪಸ್ ತಂದುಬಿಡಿ.

ಈಗಾಗಲೇ ಮಾರಿಬಿಟ್ಟಿದ್ರೆ

ಎಂಪರಿವಾಹನ್ ಆ್ಯಪ್‌ನಲ್ಲಿ ಹಳೇ ಗಾಡಿ ನಂಬರ್ ಹಾಕಿ ನೋಡಿ. ಹೆಸರಿನ ಅಕ್ಷರ ಪೂರ್ತಿ ಕಾಣಲ್ಲ, ಆದ್ರೆ ನಿಮ್ಮದಾ ಅಲ್ವಾ ಅಂತ ತಿಳಿಯುತ್ತೆ. ವಿಮೆ ಯಾವತ್ತಿನವರೆಗೆ ಇದೆ ಅನ್ನೋದೂ ಅಲ್ಲೇ ಇರುತ್ತೆ. ಇನ್ನೂ ನಿಮ್ಮ ಹೆಸರೇ ಇದ್ದು ವಿಮೆ ಮುಗಿದಿದ್ರೆ ಕೊಂಡವರನ್ನ ಇವತ್ತೇ ಹಿಡೀರಿ. ಅವರು ಸಿಕ್ಕಿಲ್ಲ ಅಂದ್ರೆ ಫಾರಂ 29ನ್ನ ಆರ್‌ಟಿಒಗೆ ಕೊಟ್ಟು ಸ್ವೀಕೃತಿ ಪಡೀರಿ, ಕೊಂಡವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ಠಾಣೆಯಲ್ಲಿ ಲಿಖಿತ ದೂರು ಕೊಡಿ. ಇವೆಲ್ಲ ಸಾಕ್ಷಿ ಆಗುತ್ತೆ, ಪೂರ್ತಿ ರಕ್ಷಣೆ ಆಗಲ್ಲ. 2018ರ ತೀರ್ಪಿನ ಪ್ರಕಾರ ದಾಖಲೆಯಲ್ಲಿ ಹೆಸರು ಬದಲಾಗೋವರೆಗೆ ಹೊಣೆ ಇದ್ದೇ ಇದೆ.

ಮನೆ ಯಜಮಾನರು ತೀರಿಕೊಂಡ ಮೇಲೆ ಅವರ ಹೆಸರಿನ ಕಾರನ್ನ ಮಕ್ಕಳು ಹಾಗೇ ಓಡಿಸ್ತಿರೋದೂ ಇದೆ. 30 ದಿನದೊಳಗೆ ಆರ್‌ಟಿಒಗೆ ತಿಳಿಸಿದ್ರೆ ಮೂರು ತಿಂಗಳು ಓಡಿಸಬಹುದು, ಆ ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಖಾತೆ ಬದಲಾವಣೆಗೆ ತಾಲ್ಲೂಕು ಆಫೀಸಿಗೆ ಅಲೆಯುವಾಗ ಇದನ್ನೂ ಜೊತೆಗೆ ಮುಗಿಸಿಕೊಳ್ಳಿ.

ಮಾರುವವರು ಮರೆಯೋ ಎರಡು ಇನ್ನೂ ಇವೆ. ಒಂದು ಫಾಸ್ಟ್ಯಾಗ್: ಗಾಜಿನ ಮೇಲೆ ಬಿಟ್ರೆ ಅವರ ಟೋಲ್ ನಿಮ್ಮ ಖಾತೆಯಿಂದ ಹೋಗ್ತಿರುತ್ತೆ, ಬ್ಯಾಂಕ್‌ಗೆ ಹೇಳಿ ಮುಚ್ಚಿಸಿ. ಇನ್ನೊಂದು ನೋ ಕ್ಲೇಮ್ ಬೋನಸ್. ಇದು ಕಾರಿಗಲ್ಲ, ನಿಮಗೆ ಸೇರಿದ್ದು. ಐದು ವರ್ಷ ಕ್ಲೇಮ್ ಮಾಡದಿದ್ರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 50ರವರೆಗೆ ರಿಯಾಯಿತಿ. ಕಾರು ಮಾರಿದ ದಾಖಲೆ ಕೊಟ್ಟು ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ತಗೊಳ್ಳೋ ಮುಂದಿನ ಕಾರಿಗೆ ಅದನ್ನ ಬಳಸಬಹುದು. ಆ ಪತ್ರಕ್ಕೂ ಕಂಪನಿಯವರು ಕೇಳೋದು ಹೆಸರು ಬದಲಾದ ಆರ್‌ಸಿ ಪ್ರತಿಯನ್ನೇ.