ಅಂಕಿಗಿಂತ ಅಂಚು ಮೇಲು

ಹರಳಿನ ವಕ್ರೀಭವನಾಂಕ ಅಳೆಯುವ ಉಪಕರಣ ಕೊಳ್ಳಹೊರಟವರಿಗೆ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು, ಮಸೂರಕ್ಕೆ ಕಣ್ಣಿಟ್ಟು ಅಳತೆಪಟ್ಟಿ ಓದಬೇಕಾದ ಹಳೇ ಮಾದರಿಯ ರಿಫ್ರ್ಯಾಕ್ಟೋಮೀಟರ್. ಇನ್ನೊಂದು, ಹರಳನ್ನು ಕಿಂಡಿಯ ಮೇಲಿಟ್ಟು ಗುಂಡಿ ಒತ್ತಿದರೆ ಪರದೆಯಲ್ಲಿ ಅಂಕಿ ಮೂಡಿಸುವ ಪ್ರತಿಫಲನ ಮೀಟರ್. ಎರಡನೆಯದು ಸಲೀಸು, ದ್ರವದ ರಗಳೆಯೂ ಇಲ್ಲ. ಆದರೂ ಒಂದನ್ನೇ ಕೊಳ್ಳುವುದಾದರೆ ಹಳೆಯದನ್ನೇ ಕೊಳ್ಳಿ ಎನ್ನುತ್ತೇನೆ. ಹರಳಿನ ಗುರುತು ಹಿಡಿಯಲು ಬರೀ ಅಂಕಿ ಸಾಲದು. ಆ ಅಂಕಿ ಎರಡಾಗಿ ಒಡೆಯುತ್ತದೆಯೇ, ಹರಳನ್ನು ತಿರುಗಿಸಿದಾಗ ಸರಿದಾಡುತ್ತದೆಯೇ ಎಂಬುದೂ ತಿಳಿಯಬೇಕು.

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ಹರ್ಬರ್ಟ್ ಸ್ಮಿತ್ ರತ್ನ ಪರೀಕ್ಷಕರಿಗೆಂದು ರೂಪಿಸಿದ ರಿಫ್ರ್ಯಾಕ್ಟೋಮೀಟರಿನ ತತ್ವ ಇಂದಿಗೂ ಬದಲಾಗಿಲ್ಲ. ಒಳಗೆ ಸೀಸ ಹೆಚ್ಚಿರುವ ಗಾಜು, ಅದರ ಮಟ್ಟಸ ಮೈಮೇಲೆ ಒಂದು ಹನಿ ದ್ರವ, ದ್ರವದ ಮೇಲೆ ಹರಳಿನ ನುಣುಪಾದ ಮುಖ. ಗಾಜಿನೊಳಗಿಂದ ಬರುವ ಬೆಳಕಿನಲ್ಲಿ ಕ್ರಾಂತಿಕೋನಕ್ಕಿಂತ ಕಡಿಮೆ ಕೋನದಲ್ಲಿ ತಾಕಿದ್ದರ ಬಹುಪಾಲು ಹರಳಿನೊಳಕ್ಕೆ ಹೊರಟುಹೋಗುತ್ತದೆ, ಹೆಚ್ಚಿನ ಕೋನದ್ದು ಪೂರ್ತಿ ಹಿಂದಿರುಗುತ್ತದೆ. ಹೀಗಾಗಿ ಅಳತೆಪಟ್ಟಿಯ ಒಂದು ಪಾಲು ಮಬ್ಬು, ಇನ್ನೊಂದು ಪಾಲು ಬೆಳಕು. ಇವೆರಡೂ ಕೂಡುವ ಅಂಚೇ ಉತ್ತರ. ಬಿಳಿ ಬೆಳಕಿನಲ್ಲಿ ಈ ಅಂಚಿಗೆ ಕಾಮನಬಿಲ್ಲಿನ ಬಣ್ಣ ಹತ್ತಿಕೊಳ್ಳುತ್ತದೆ, 589 ನ್ಯಾನೋಮೀಟರಿನ ಸೋಡಿಯಂ ಹಳದಿಯಲ್ಲಿ ಚೂಪಾಗಿ ಕಾಣುತ್ತದೆ. ಮಾಣಿಕ್ಯವನ್ನಿಟ್ಟು ಮಸೂರದ ಮೇಲಿನ ಪೋಲರಾಯ್ಡ್ ಫಿಲ್ಟರ್ ತಿರುಗಿಸಿದರೆ ಅಂಚು ಎರಡು ಜಾಗಗಳ ನಡುವೆ ನೆಗೆಯುತ್ತದೆ. ಹರಳನ್ನೇ ಮೆಲ್ಲಗೆ ಸುತ್ತಿಸಿದರೆ ಸಾಮಾನ್ಯವಾಗಿ ಒಂದು ಅಂಚು 1.770ರ ಬಳಿ ಬಿಗಿಯಾಗಿ ನಿಲ್ಲುತ್ತದೆ, ಇನ್ನೊಂದು 1.762ರವರೆಗೆ ಸರಿದು ಮರಳುತ್ತದೆ. ಕೆಲವು ಕೆಂಪು ಗಾರ್ನೆಟ್‌ಗಳು ಕೂಡ 1.76ರ ಸುತ್ತಲೇ ಬರುತ್ತವೆ. ಅಂಕಿಯಷ್ಟೇ ನೋಡಿದವರು ಮೋಸಹೋಗುವುದು ಇಲ್ಲೇ. ಗಾರ್ನೆಟ್‌ಗೆ ಇರುವುದು ಒಂದೇ ಅಂಚು, ಎತ್ತ ತಿರುಗಿಸಿದರೂ ಅದು ಕದಲದು.

ಪ್ರತಿಫಲನ ಮೀಟರಿಗೆ ಈ ಆಟ ಕಾಣುವುದಿಲ್ಲ, ಹರಳು ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದಷ್ಟೇ ಅದರ ಲೆಕ್ಕ. ನೇರವಾಗಿ ಬಿದ್ದ ಬೆಳಕಿನಲ್ಲಿ ವಜ್ರ ಸುಮಾರು ಶೇ 17ನ್ನು ಮರಳಿಸುತ್ತದೆ, ಕ್ಯೂಬಿಕ್ ಜಿರ್ಕೋನಿಯಾ ಶೇ 13ನ್ನು. ಅಲ್ಲಿ ಮೀಟರ್ ಗೆದ್ದಂತೆಯೇ. ಮಾಣಿಕ್ಯಕ್ಕೆ ಬಂದರೆ ಈ ಪಾಲು ಶೇ 7.7, ಸ್ಪಿನೆಲ್‌ಗೆ ಶೇ 7. ಮಾಣಿಕ್ಯದ ಎರಡು ಅಂಕಿಗಳ ನಡುವಿನ ವ್ಯತ್ಯಾಸವಂತೂ ಶೇ 0.12 ಅಷ್ಟೆ. ಬೆರಳಿನ ಜಿಡ್ಡು, ಸವೆದ ಹೊಳಪು ಇದನ್ನು ಸುಲಭವಾಗಿ ನುಂಗಿಹಾಕುತ್ತವೆ. ಕಣ್ಣಿನ ಓದಿನಲ್ಲೂ ತಪ್ಪಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಮೂರನೇ ದಶಮಾಂಶದಲ್ಲಿ ಒಂದೆರಡು ಹೆಚ್ಚುಕಮ್ಮಿ ಮಾಮೂಲು. ಆದರೆ ಹರಳು ಸರಿಯಾಗಿ ಕೂರದಿದ್ದರೆ ಅಂಚು ಮಸುಕಾಗಿ ನಮ್ಮನ್ನು ಎಚ್ಚರಿಸುತ್ತದೆ. ಪರದೆಯ ಅಂಕಿ ತಪ್ಪಿದ್ದಾಗಲೂ ಅಷ್ಟೇ ನಿಚ್ಚಳವಾಗಿರುತ್ತದೆ. ಅಂಕಿಗಿಂತ ಈ ಒಡೆಯುವಿಕೆಯೇ ಗುಟ್ಟು ಬಿಟ್ಟುಕೊಟ್ಟ ಉದಾಹರಣೆಯೂ ಇದೆ. 1945ರಲ್ಲಿ ಡಬ್ಲಿನ್ನಿನ ರಿಚರ್ಡ್ ಟಾಫ್ ಕೈಗೆ ಬಂದ ತಿಳಿನೇರಳೆ ಹರಳು ಅಂಕಿಯಲ್ಲಿ, ಸಾಂದ್ರತೆಯಲ್ಲಿ ಹೆಚ್ಚುಕಮ್ಮಿ ಸ್ಪಿನೆಲ್ಲೇ ಆಗಿತ್ತು. ಸೂಕ್ಷ್ಮದರ್ಶಕದಲ್ಲಿ ಅದರ ಹಿಂಬದಿಯ ಅಂಚುಗಳು ಜೋಡಿಯಾಗಿ ಕಂಡದ್ದರಿಂದ ಆತ ಅದನ್ನು ಲಂಡನ್ನಿಗೆ ಪರೀಕ್ಷೆಗೆ ಕಳಿಸಿದ. 1951ರಲ್ಲಿ ಅದು ಟಾಫೈಟ್ ಎಂಬ ಹೊಸ ಖನಿಜವೆಂದು ಪ್ರಕಟವಾಯಿತು. ಅದರ ಎರಡು ಓದುಗಳ ನಡುವಿನ ಅಂತರ ಬರೀ 0.004ರ ಆಸುಪಾಸು.

ಹಳೆಯದರ ಮಿತಿಗಳೂ ಸಣ್ಣವಲ್ಲ. ಸ್ಪರ್ಶದ್ರವದ ವಕ್ರೀಭವನಾಂಕ ಸುಮಾರು 1.81, ಅದರಾಚೆಯ ಹರಳಿನ ಅಂಚು ಕಾಣದು. ವಜ್ರದ್ದು 2.417, ಹಾಗಾಗಿ ಬರೀ ವಜ್ರದ ವ್ಯಾಪಾರಿಗೆ ಈ ಉಪಕರಣ ಬೇಡವೇ ಬೇಡ. ಗಾಜಿನ ಬದಲು ಜಿರ್ಕೋನಿಯಾ ಹಾಕಿದ ದುಬಾರಿ ಮಾದರಿಗೆ ಗೀರು ಬೀಳುವುದು ಕಡಿಮೆ, ಆದರೆ ದ್ರವದ ಮಿತಿ ಅದಕ್ಕೂ ತಪ್ಪದು. ದ್ರವ ನಾರುತ್ತದೆ, ವಿಷಕಾರಿಯೂ ಹೌದು. ಕಿಟಕಿ ತೆರೆದಿಟ್ಟು, ಗುಂಡುಸೂಜಿಯ ತಲೆಯಷ್ಟು ಹನಿ ಹಾಕಿ, ಕೆಲಸ ಮುಗಿದೊಡನೆ ಒರೆಸಿಬಿಡಬೇಕು. ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯದಂಥ ಗುಮ್ಮಟದ ಹರಳಿಗೆ ಮಟ್ಟಸ ಮುಖವೇ ಇರದು, ಅಲ್ಲಿ ದೂರದಿಂದ ಚುಕ್ಕೆ ನೋಡಿ ಎರಡನೇ ದಶಮಾಂಶದವರೆಗಿನ ಅಂದಾಜಿಗೆ ತೃಪ್ತಿಪಡಬೇಕು. ಕುಲುಮೆಯಲ್ಲಿ ಬೆಳೆಸಿದ ಮಾಣಿಕ್ಯವನ್ನು ಗಣಿಯದರಿಂದ ಬೇರ್ಪಡಿಸಲು ಎರಡೂ ಉಪಕರಣಗಳಿಗೆ ಆಗದು, ಏಕೆಂದರೆ ವಸ್ತು ಒಂದೇ. ಪ್ರತಿಫಲನ ಮೀಟರಿಗೆ ಎತ್ತಿಟ್ಟ ಹಣ ಉಳಿದರೆ ಅದನ್ನು ಒಳ್ಳೆಯ ಸೂಕ್ಷ್ಮದರ್ಶಕಕ್ಕೆ ಹಾಕಿ. ಕುಲುಮೆಯ ಹರಳಿನೊಳಗಿನ ಬಾಗಿದ ಬೆಳವಣಿಗೆಯ ಗೆರೆಗಳು ಕಾಣುವುದು ಅದರಲ್ಲೇ.