ಮಗು ಸಣ್ಣದು ಅಂದಮೇಲೆ ಡಾಪ್ಲರ್ ಯಾಕೆ?

ಪ್ರಶ್ನೆ: ಸ್ಯಾನ್ ಡಿಯಾಗೊದಲ್ಲಿರುವ ಮಗಳಿಗೆ 36 ವಾರ. ಸ್ಕ್ಯಾನ್‌ನಲ್ಲಿ ಮಗು ಸಣ್ಣದೆಂದು ಗೊತ್ತಾಗಿದೆ. ಮತ್ತೆ ಡಾಪ್ಲರ್ ಯಾಕೆ?

ಉತ್ತರ: ಸ್ಕ್ಯಾನ್ ಮಗುವನ್ನು ತೂಗುವುದಿಲ್ಲ. ತಲೆ, ಹೊಟ್ಟೆಗಳ ಸುತ್ತಳತೆ ಮತ್ತು ತೊಡೆಮೂಳೆಯ ಉದ್ದದಿಂದ ತೂಕವನ್ನು ಅಂದಾಜಿಸುತ್ತದೆ. ಶೇ 10–15ರಷ್ಟು ಆಚೀಚೆಯಾಗುವುದು ಮಾಮೂಲು. ಮೇಲಾಗಿ ಸಣ್ಣ ಮಕ್ಕಳೆಲ್ಲ ಸೊರಗಿದವರಲ್ಲ, ತಂದೆತಾಯಿಯ ಮೈಕಟ್ಟೂ ಕಾರಣವಿರಬಹುದು. ಮಾಸು ಸೋಲುತ್ತಿದೆಯೇ ಎಂಬುದೇ ನಿಜವಾದ ಪ್ರಶ್ನೆ. ಅದನ್ನು ಹೇಳುವುದು ರಕ್ತದ ಹರಿವು; ಆ ಹರಿವನ್ನು ನೋಡುವ ಸ್ಕ್ಯಾನೇ ಡಾಪ್ಲರ್. ಹೊಕ್ಕುಳಬಳ್ಳಿಯಲ್ಲಿ ಎರಡು ಬಡಿತಗಳ ನಡುವೆಯೂ ರಕ್ತ ಮುಂದಕ್ಕೆ ಹರಿಯುತ್ತಿರಬೇಕು. ಮಾಸಿನಲ್ಲಿ ತಡೆ ಹೆಚ್ಚಿದರೆ ಅದು ಕ್ಷೀಣಿಸಿ, ನಿಂತು, ಕೊನೆಗೆ ಹಿಂದಕ್ಕೂ ಹರಿಯುತ್ತದೆ. ಆದರೆ ಕೊನೆಯ ವಾರಗಳಲ್ಲಿ ಈ ಹರಿವು ಸರಿಯಾಗಿ ಕಂಡರೂ ಮಗು ಕಷ್ಟದಲ್ಲಿರಬಹುದು. ಆಮ್ಲಜನಕ ಕಡಿಮೆಯಾದಾಗ ಅದು ಮೆದುಳಿಗೆ ಹೆಚ್ಚು ರಕ್ತ ಕಳಿಸಿಕೊಳ್ಳುತ್ತದೆ. ಹಾಗಾಗಿ ಮೆದುಳಿನ ರಕ್ತನಾಳವನ್ನೂ ನೋಡಿ ಎರಡರ ಅನುಪಾತ ಲೆಕ್ಕಹಾಕುತ್ತಾರೆ. ಸಾಮಾನ್ಯ ಗಾತ್ರದ ಶಿಶುಗಳಲ್ಲೂ ಈ ಅನುಪಾತ ಮುಖ್ಯವೆಂದು ಲಾಸ್ ಏಂಜಲೀಸ್ ಬಳಿಯ ಪ್ಯಾಸಡೀನಾದ ತಜ್ಞ ಗ್ರೆಗರಿ ಡಿವೋರ್ 2015ರಲ್ಲಿ ವಾದಿಸಿದರು.

ಹಾಗಾದರೆ ಎಲ್ಲ ಗರ್ಭಿಣಿಯರಿಗೂ ಮಾಡಬಾರದೇಕೆ ಎನ್ನಬಹುದು. ಅಪಾಯವಿರುವ ಬಸುರಿನಲ್ಲಿ ಡಾಪ್ಲರ್ ಶಿಶುಮರಣ ತಗ್ಗಿಸುತ್ತದೆಂಬುದಕ್ಕೆ ಆಧಾರವಿದೆ; ಅಪಾಯವಿಲ್ಲದವರಲ್ಲಿ ಅಂಥ ಲಾಭ ಸಾಬೀತಾಗಿಲ್ಲ, ಸುಳ್ಳು ಎಚ್ಚರಿಕೆಯಿಂದ ಅವಸರದ ಹೆರಿಗೆಯಾಗುವ ಭಯವೇ ಹೆಚ್ಚು. ಡಾಪ್ಲರ್ ಒಂದನ್ನೇ ನಂಬುವುದೂ ಸಲ್ಲ, ಗರ್ಭದ ನೀರನ್ನೂ ನೋಡಬೇಕು. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ನೀರಿನ ಆಳ ಕೂಡಿಸುವ ವಿಧಾನವನ್ನು 1987ರಲ್ಲಿ ವಿವರಿಸಿದ್ದು ಲಾಸ್ ಏಂಜಲೀಸ್‌ನ ಜೆಫ್ರಿ ಫೆಲನ್ ಮತ್ತು ಸಂಗಡಿಗರು. ಮಗಳು ಡಾಪ್ಲರ್ ಮಾಡಿಸಿಕೊಳ್ಳಲಿ. ಮಗುವಿನ ಅಲುಗಾಟ ಕಡಿಮೆಯೆನಿಸಿದರೆ ಮಾತ್ರ ಸ್ಕ್ಯಾನ್ ತಾರೀಖಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಲಿ.